ಗಿನಿ ಪಿಗ್‌ಗೆ ಕಾಳಲ್ಲ, ಹುಲ್ಲು

ಪ್ರಶ್ನೆ: ಹತ್ತು ವರ್ಷದ ಮಗಳ ಹಟಕ್ಕೆ ಮಣಿದು ಮೂರು ವಾರದ ಹಿಂದೆ ಒಂದು ಗಿನಿ ಪಿಗ್ ತಂದೆವು. ಹೆಣ್ಣು ಎಂದು ಅಂಗಡಿಯವರು ಹೇಳಿದರು. ಜೊತೆಗೆ ಎರಡಡಿ ಉದ್ದದ ತಂತಿ ಪಂಜರ, ಓಡುವ ಚಕ್ರ, ಬಣ್ಣ ಬಣ್ಣದ ಕಾಳಿನ ಪ್ಯಾಕೆಟ್, ನೀರಿಗೆ ಹಾಕುವ ವಿಟಮಿನ್ ಹನಿ ಕೊಟ್ಟರು. ಕಾಳು, ಕ್ಯಾರೆಟ್, ಒಮ್ಮೊಮ್ಮೆ ಅನ್ನ ಹಾಕುತ್ತಿದ್ದೇವೆ. ದಿನವಿಡೀ ಮೂಲೆಯಲ್ಲಿ ಮುದುರಿ ಕೂರುತ್ತದೆ, ಕೈ ಹಾಕಿದರೆ ದಿಕ್ಕೆಟ್ಟು ಓಡುತ್ತದೆ. ತನ್ನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಮಗಳು ಹೆದರಿದ್ದಾಳೆ. ನಮ್ಮೂರು ದಾವಣಗೆರೆ, ಬಿಸಿಲು ಶುರುವಾಗಿದೆ. ಸ್ನಾನ ಮಾಡಿಸಬೇಕೇ? ಜೊತೆಗೆ ಇನ್ನೊಂದು ತರಬೇಕೇ? ಮೇ ತಿಂಗಳಲ್ಲಿ ಹತ್ತು ದಿನ ಅಜ್ಜಿ ಮನೆಗೆ ಹೋಗುವುದಿದೆ, ಆಗೇನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಸರಿಯಾಗಿರುವುದು, ಮಗಳು ಯಾವುದನ್ನು ಕಂಡು ಹೆದರಿದಳೋ ಆ ಸಂಗತಿಯೊಂದೇ. ಗಿನಿ ಪಿಗ್ ತನ್ನ ಹಿಕ್ಕೆ ತಿನ್ನಲೇಬೇಕು. ಅದು ಎರಡು ಬಗೆಯ ಹಿಕ್ಕೆ ಹಾಕುತ್ತದೆ. ನೆಲದಲ್ಲಿ ಬಿದ್ದಿರುವ ಗಟ್ಟಿಯದು ಒಂದು. ಇನ್ನೊಂದು ಮೆತ್ತಗಿನದು, ಅದನ್ನು ಕೆಳಗೆ ಬೀಳಲು ಬಿಡದೆ ತಲೆ ಬಗ್ಗಿಸಿ ನೇರವಾಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಹಸು ಮೆಲುಕು ಹಾಕಿ ಹುಲ್ಲನ್ನು ಎರಡನೇ ಸಲ ಅಗಿಯುತ್ತದೆ. ಇದು ಎರಡನೇ ಸಲ ತಿಂದು ಅದೇ ಕೆಲಸ ಮುಗಿಸುತ್ತದೆ. ಮಗಳಿಗೆ ಹೀಗೆ ಹೇಳಿದರೆ ಅರ್ಥವಾದೀತು.

ಉಳಿದದ್ದೆಲ್ಲ ಬದಲಾಗಬೇಕು. ನೀವು ತಂದಿರುವುದು ಇಲಿಯ ದೊಡ್ಡಣ್ಣನೂ ಅಲ್ಲ, ಕಿವಿ ಗಿಡ್ಡವಾದ ಮೊಲವೂ ಅಲ್ಲ. ಅದನ್ನೊಂದು ಪುಟ್ಟ ಕುದುರೆ ಎಂದುಕೊಳ್ಳಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ತಂಪು ಹುಲ್ಲುಗಾವಲು ಅದರ ಮೂಲ. ಕುದುರೆಯ ಹಾಗೆ ಇದಕ್ಕೂ ಹುಲ್ಲು ಹುಳಿಯುವ ಜಾಗ ಕರುಳಿನ ಹಿಂಭಾಗದಲ್ಲಿದೆ. ಹಗಲು ರಾತ್ರಿ ಸ್ವಲ್ಪ ಸ್ವಲ್ಪವೇ ಹುಲ್ಲು ಒಳಹೋಗುತ್ತಿದ್ದರೆ ಮಾತ್ರ ಆ ಕರುಳು ಚಲಿಸುತ್ತದೆ. ಹುಲ್ಲು ನಿಂತರೆ ಕರುಳೂ ನಿಲ್ಲುತ್ತದೆ. ಹಲ್ಲಿನ ಕಥೆಯೂ ಇದಕ್ಕೇ ತಳಕು ಹಾಕಿಕೊಂಡಿದೆ. ಬಾಯಲ್ಲಿರುವ 20 ಹಲ್ಲುಗಳೂ, ಮುಂದಿನವಷ್ಟೇ ಅಲ್ಲ ದವಡೆ ಹಲ್ಲುಗಳೂ, ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ಅಡ್ಡಡ್ಡ ಅರೆದರೆ ಮಾತ್ರ ಅವು ಸವೆಯುವುದು. ಕಾಳು ಒಂದೆರಡು ಕಡಿತಕ್ಕೆ ಪುಡಿಯಾಗುತ್ತದೆ, ಅರೆಯುವ ಕೆಲಸವೇ ಇಲ್ಲ. ಸವೆಯದ ಕೆಳದವಡೆ ಹಲ್ಲುಗಳು ಒಳಮುಖವಾಗಿ ವಾಲಿ ನಾಲಿಗೆಯ ಮೇಲೆ ಕಮಾನು ಕಟ್ಟುತ್ತವೆ. ಆಮೇಲೆ ಪ್ರಾಣಿಗೆ ಹಸಿವಿರುತ್ತದೆ, ತಿನ್ನಲು ಮುಂದೆ ಬರುತ್ತದೆ, ಬಾಯಿಗಿಟ್ಟ ತುತ್ತು ಜಾರಿ ಬೀಳುತ್ತದೆ.

ಇವತ್ತೇ ಮಾಡಬೇಕಾದದ್ದು

ಚಕ್ರವನ್ನು ತೆಗೆದುಹಾಕಿ. ಹ್ಯಾಮ್‌ಸ್ಟರ್‌ನಂತೆ ಇದರ ಬೆನ್ನು ಬಾಗುವುದಿಲ್ಲ, ಚಕ್ರದಲ್ಲಿ ಬೆನ್ನಿಗೂ ಕಾಲಿಗೂ ಪೆಟ್ಟು. ಪಂಜರದ ತಳ ತಂತಿ ಜಾಲರಿಯಾಗಿದ್ದರೆ ಅದರ ಮೇಲೆ ರಟ್ಟು, ಅದರ ಮೇಲೆ ದಪ್ಪ ಟವೆಲ್ ಹಾಸಿ. ಅಂಗಾಲಿಗೆ ರೋಮವಿಲ್ಲ. ತಂತಿ ಒತ್ತಿ ಮೊದಲು ಕೆಂಪಾಗುತ್ತದೆ, ಆಮೇಲೆ ಹುಣ್ಣಾಗುತ್ತದೆ, ಕೀವು ಮೂಳೆಗೆ ಇಳಿದರೆ ವಾಸಿಯಾಗುವುದು ಕಷ್ಟ. ಅನ್ನ ಇಂದಿಗೇ ಕೊನೆ. ಬ್ರೆಡ್, ಬಿಸ್ಕತ್ತು, ಹಾಲು, ಮೊಸರು ಯಾವುದೂ ಬೇಡ. ಒಂದು ರಟ್ಟಿನ ಪೆಟ್ಟಿಗೆಗೆ ಎದುರುಬದುರು ಎರಡು ಬಾಗಿಲು ಕೊರೆದು ಬೋರಲು ಹಾಕಿ. ಅಡಗಲು ಜಾಗವಿಲ್ಲದ ಪ್ರಾಣಿ ಮೂಲೆ ಹಿಡಿಯದೆ ಇನ್ನೇನು ಮಾಡೀತು? ಎರಡು ಬಾಗಿಲು ಏಕೆಂದರೆ, ಒಂದೇ ಇದ್ದರೆ ಅದು ಅಡಗುತಾಣವಲ್ಲ, ಬೋನು.

ಕೊನೆಯದಾಗಿ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಬೋಗುಣಿ ಇಟ್ಟು ತೂಕ ನೋಡಿ ಬರೆದಿಡಿ. ಬೆಳೆದ ಗಿನಿ ಪಿಗ್ 700 ಗ್ರಾಂನಿಂದ 1200 ಗ್ರಾಂವರೆಗೆ ತೂಗುತ್ತದೆ. ಮರಿಯಾಗಿದ್ದರೆ ವಾರವಾರ ಏರಬೇಕು. ಈ ಪ್ರಾಣಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ತಕ್ಕಡಿ ಮುಚ್ಚಿಡುವುದಿಲ್ಲ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ತೂಗಿ. ಬೆಳೆದದ್ದರಲ್ಲಿ 50 ಗ್ರಾಂ ಇಳಿದರೆ ದಿನವೂ ತೂಗಲು ಶುರುಮಾಡಿ, 100 ಗ್ರಾಂ ಇಳಿದರೆ ವೈದ್ಯರ ಬಳಿ ಹೊರಡಿ.

ಹುಲ್ಲು ಎಲ್ಲಿಂದ ತರುವುದು

ಹೊಟ್ಟೆಗೆ ಹೋಗುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲಾಗಿರಬೇಕು, ಅದು ಯಾವ ಹೊತ್ತಿನಲ್ಲೂ ಖಾಲಿಯಾಗಬಾರದು. ಪುಸ್ತಕಗಳಲ್ಲಿ ಹೇಳುವುದು ಟಿಮೊಥಿ ಹುಲ್ಲು. ನಮ್ಮಲ್ಲಿ ಅದು ಹೊರದೇಶದಿಂದ ಬರುತ್ತದೆ, ಕಿಲೋಗೆ ನೂರಾರು ರೂಪಾಯಿ. ಒಂದು ಪ್ರಾಣಿಗೆ ತಿಂಗಳಿಗೆ ಸುಮಾರು ಒಂದೂವರೆ ಎರಡು ಕಿಲೋ ಬೇಕು. ಕೊಳ್ಳಲು ಆಗುವುದಾದರೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಓಟ್ಸ್ ಹುಲ್ಲು, ಕುದುರೆ ಲಾಯಗಳಿಗೆ ಬರುವ ರೋಡ್ಸ್ ಹುಲ್ಲು ಕೂಡ ಅಷ್ಟೇ ಚೆನ್ನಾಗಿ ಹೊಂದುತ್ತವೆ.

ಆಗದಿದ್ದರೆ ನಮ್ಮ ಗರಿಕೆ ಇದೆ. ಗಣೇಶನಿಗೆ ಏರಿಸುವ ಅದೇ ಗರಿಕೆಯನ್ನು ಹಸಿಯಾಗಿಯೂ ಕೊಡಬಹುದು, ಒಣಗಿಸಿಯೂ ಕೊಡಬಹುದು. ಹೂವು ತೆನೆ ಬರುವ ಮೊದಲೇ ಕೊಯ್ದು, ತೊಳೆದು, ನೀರು ಬಸಿದು, ನೆರಳಿನಲ್ಲಿ ತೆಳ್ಳಗೆ ಹರಡಿ. ದಿನಕ್ಕೆರಡು ಸಲ ತಿರುವಿಹಾಕಿದರೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಒಣಗುತ್ತದೆ. ಚೆನ್ನಾಗಿ ಒಣಗಿದ್ದಕ್ಕೆ ಇನ್ನೂ ಹಸಿರು ಛಾಯೆ ಇರುತ್ತದೆ, ಹಿಡಿದು ತಿರುಚಿದರೆ ಮುರಿಯುತ್ತದೆ, ಮೂಗಿಗೆ ಹಿಡಿದರೆ ಹಿತವಾದ ವಾಸನೆ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬೂದಿಯಂಥ ಧೂಳು ಎದ್ದರೆ ಗೊಬ್ಬರದ ಗುಂಡಿಗೆ ಹಾಕಿ. ಬೂಷ್ಟು ಪುಪ್ಪುಸಕ್ಕೂ ಕರುಳಿಗೂ ಕೆಟ್ಟದ್ದು. ಸುತ್ತಲಿನ ಹೈನುಗಾರರು ಬೆಳೆಯುವ ಗಿನಿ ಹುಲ್ಲಿನ ಎಲೆಯನ್ನೂ ಕೊಡಬಹುದು. ಹೆಸರು ಒಂದೇ ಎಂಬುದು ಬರೀ ಕಾಕತಾಳೀಯ, ಆ ಹುಲ್ಲು ಆಫ್ರಿಕಾದ್ದು. ದಾವಣಗೆರೆಯ ಸುತ್ತ ಮೆಕ್ಕೆಜೋಳಕ್ಕೆ ಬರವಿಲ್ಲ. ಎಳೆ ತೆನೆಯ ಹಸಿರು ಸಿಪ್ಪೆಯನ್ನೂ ಅದರ ತುದಿಯ ಕೂದಲನ್ನೂ ಬಹಳ ಇಷ್ಟಪಟ್ಟು ತಿನ್ನುತ್ತವೆ, ಔಷಧ ಸಿಂಪಡಿಸಿರಬಾರದು ಅಷ್ಟೆ. ತೆನೆಯ ಕಾಳು ಮಾತ್ರ ಬೇಡ.

ಬಿಳಿಜೋಳದ ಎಳೆ ಪೈರು ಬೇಡವೇ ಬೇಡ. ಅದರಲ್ಲಿ ಸೈನೈಡ್ ಅಂಶವಿರುತ್ತದೆ, ಎಳೆ ಜೋಳಕ್ಕೆ ಬಾಯಿ ಹಾಕಿದ ದನ ಸತ್ತದ್ದನ್ನು ಕೇಳಿಯೇ ಇರುತ್ತೀರಿ. ರಸ್ತೆ ಬದಿಯ ಹುಲ್ಲು, ನಾಯಿಗಳು ಓಡಾಡುವ ಜಾಗದ ಹುಲ್ಲು, ಕಾಂಗ್ರೆಸ್ ಗಿಡದ ನಡುವೆ ಬೆಳೆದ ಹುಲ್ಲು ಕೊಯ್ಯಬೇಡಿ. ಭತ್ತದ ಹುಲ್ಲು ಹಾಸಲಿಕ್ಕೆ ನಡೆದೀತು, ಊಟಕ್ಕಲ್ಲ. ಅದರಲ್ಲಿ ಸತ್ವ ಕಡಿಮೆ, ಚೂಪಾದ ತುದಿ ಕಣ್ಣಿಗೆ ಚುಚ್ಚುವ ಭಯ ಬೇರೆ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಆರು ತಿಂಗಳೊಳಗಿನ ಮರಿಗಳಿಗೆ ಮತ್ತು ಗಬ್ಬದ ಹೆಣ್ಣಿಗೆ ಒಳ್ಳೆಯದು. ಬೆಳೆದವಕ್ಕೆ ದಿನವೂ ಹಾಕಿದರೆ ಅದರ ಸುಣ್ಣದ ಅಂಶ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಇಷ್ಟು ದಿನ ಕಾಳು ತಿಂದ ಹೊಟ್ಟೆ ಒಂದೇ ದಿನಕ್ಕೆ ಬದಲಾಗದು. ಒಣಹುಲ್ಲನ್ನು ಇವತ್ತಿನಿಂದಲೇ ರಾಶಿ ಹಾಕಿ, ಅದರಿಂದ ತೊಂದರೆಯಿಲ್ಲ. ಕಾಳನ್ನು ಏಳೆಂಟು ದಿನಗಳಲ್ಲಿ ಇಳಿಸುತ್ತ ನಿಲ್ಲಿಸಿ. ಹಸಿ ಸೊಪ್ಪು ಹುಲ್ಲನ್ನು ಚಿಟಿಕೆಯಿಂದ ಶುರುಮಾಡಿ ಹಿಡಿಗೆ ಏರಿಸಿ. ಹಿಕ್ಕೆ ಮೆತ್ತಗಾದರೆ ಎರಡು ದಿನ ಹಸಿಯದನ್ನು ನಿಲ್ಲಿಸಿ ಬರೀ ಒಣಹುಲ್ಲು ಕೊಡಿ. ನೀರಿನಂತೆ ಭೇದಿಯಾದರೆ ಮಾತ್ರ ಕಾಯಬೇಡಿ, ಅದು ವೈದ್ಯರ ಕೆಲಸ.

ವಿಟಮಿನ್ ಸಿ: ಹನಿ ಯಾಕೆ ಬೇಡ

ನಾಯಿ, ಬೆಕ್ಕು, ಮೊಲ ಎಲ್ಲವೂ ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿ ಪಿಗ್‌ಗೆ ಮನುಷ್ಯರ ಹಾಗೆಯೇ ಅದು ಆಗದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು ವಿಜ್ಞಾನಿಗಳು ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ಹಾಕಿ ನೋಡಿದರು. ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗವೇ ಅವಕ್ಕೂ ಬಂತು. ವಿಟಮಿನ್ ಸಿಯ ಶೋಧಕ್ಕೆ ದಾರಿ ತೋರಿದ ಪ್ರಯೋಗ ಅದು. ನಿಮ್ಮ ಕೈಲಿರುವ ಬಣ್ಣದ ಕಾಳಿನ ಪ್ಯಾಕೆಟ್ ಅದೇ ಪ್ರಯೋಗವನ್ನು ಮನೆಯಲ್ಲಿ ಮತ್ತೆ ನಡೆಸುತ್ತಿದೆ.

ವಿಟಮಿನ್ ಸಿ ಇಲ್ಲದೆ ಎರಡು ಮೂರು ವಾರ ಕಳೆದರೆ ಲಕ್ಷಣ ಕಾಣತೊಡಗುತ್ತದೆ. ರೋಮ ಒರಟಾಗುತ್ತದೆ, ಮಂಡಿ ಊದಿಕೊಳ್ಳುತ್ತದೆ, ನಡೆಯಲು ಹಿಂಜರಿಯುತ್ತದೆ, ಎತ್ತಿಕೊಂಡರೆ ನೋವಿನಿಂದ ಕಿರುಚುತ್ತದೆ. ಆಮೇಲೆ ವಸಡಿನಲ್ಲಿ ರಕ್ತ. ನಿಮ್ಮದು ಮೂಲೆ ಬಿಡದಿರುವುದಕ್ಕೆ ಬರೀ ಹೆದರಿಕೆಯೇ ಕಾರಣವೋ, ಕೀಲು ನೋವೂ ಸೇರಿದೆಯೋ ನೋಡಬೇಕು. ಹಿಂಗಾಲಿನ ಮಂಡಿಯನ್ನು ಹಗುರವಾಗಿ ಮುಟ್ಟಿ, ಊತವಿದ್ದರೆ ಅಥವಾ ಕೂಗಿದರೆ ಈ ವಾರವೇ ವೈದ್ಯರಿಗೆ ತೋರಿಸಿ.

ಬೆಳೆದ ಪ್ರಾಣಿಗೆ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 20 ಮಿಲಿಗ್ರಾಂ ಸಾಕು, ಗಬ್ಬದಲ್ಲಿ 30ರವರೆಗೆ ಬೇಕು. ನೀರಿಗೆ ಹಾಕುವ ಹನಿ ಬೆಳಕಿಗೂ ಗಾಳಿಗೂ ಗಂಟೆಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಎಷ್ಟು ಹೊಟ್ಟೆಗೆ ಹೋಯಿತೆಂದು ಲೆಕ್ಕ ಸಿಗುವುದಿಲ್ಲ. ರುಚಿ ಕೆಟ್ಟಿತೆಂದು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಬೇಸಿಗೆಯಲ್ಲಿ ಇನ್ನೊಂದು ಆಪತ್ತು. ಅದರ ಬದಲು ದಿನವೂ ದಪ್ಪ ಮೆಣಸಿನಕಾಯಿಯ, ಅಂದರೆ ಕ್ಯಾಪ್ಸಿಕಂನ, ಒಂದು ಹೋಳು, ಸುಮಾರು 30 ಗ್ರಾಂ, ಬೀಜ ತೆಗೆದು ಕೊಡಿ. ಹಸಿರಾದರೂ ಸರಿ, ಕೆಂಪಾದರೆ ಇನ್ನೂ ಹೆಚ್ಚು ವಿಟಮಿನ್. ಅಷ್ಟರಲ್ಲೇ ದಿನದ ಬಾಕಿ ತೀರುತ್ತದೆ. ಸೀಬೆಹಣ್ಣಿನಲ್ಲಿ ಇನ್ನೂ ಜಾಸ್ತಿಯಿದೆ, ಆದರೆ ಸಿಹಿ. ಹೆಬ್ಬೆರಳಿನಷ್ಟು ತುಂಡು ವಾರಕ್ಕೆರಡು ಸಲ ಸಾಕು. ಬೆಟ್ಟದ ನೆಲ್ಲಿಕಾಯಿಯ ತೆಳು ಚೂರನ್ನೂ ಇಟ್ಟು ನೋಡಬಹುದು, ಒಗರು ಹಿಡಿಸದೆ ಕೆಲವು ಮೂಸಿ ಹೋಗಿಬಿಡುತ್ತವೆ.

ದಿನದ ಸೊಪ್ಪು ತರಕಾರಿ ಒಟ್ಟು ಒಂದು ಬಟ್ಟಲು. ಮೆಣಸಿನಕಾಯಿ ಹೋಳಿನ ಜೊತೆ ಕೊತ್ತಂಬರಿ, ಸೌತೆಕಾಯಿ, ಹುರುಳಿಕಾಯಿ, ಸಲಾಡ್ ಎಲೆ, ಪುದೀನ ಹೀಗೆ ಬದಲಾಯಿಸುತ್ತಾ ಹೋಗಿ. ಪಾಲಕ್, ದಂಟು, ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು, ನುಗ್ಗೆ ಸೊಪ್ಪಿನಲ್ಲಿ ಸುಣ್ಣ ಹೆಚ್ಚು. ನಮಗೆ ಒಳ್ಳೆಯದೆಂದು ಇದಕ್ಕೂ ದಿನಾ ಹಾಕಿದರೆ ಕಲ್ಲಿಗೆ ದಾರಿ, ಹದಿನೈದು ದಿನಕ್ಕೊಮ್ಮೆ ಒಂದೆರಡು ಎಲೆ ಸಾಕು. ಕೋಸು, ಹೂಕೋಸು ಹೊಟ್ಟೆಯುಬ್ಬರಿಸುತ್ತವೆ. ಕ್ಯಾರೆಟ್ ಸಿಹಿ ತಿಂಡಿ, ನಾಣ್ಯದಷ್ಟು ದಪ್ಪದ ಎರಡು ಬಿಲ್ಲೆ ವಾರಕ್ಕೆರಡು ಸಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಬೆಣ್ಣೆಹಣ್ಣು, ಟೊಮೆಟೊ ಗಿಡದ ಎಲೆ ಬೇಡ. ತರಕಾರಿ ಫ್ರಿಜ್‌ನಿಂದ ನೇರ ಹೋಗಬಾರದು, ಎರಡು ಗಂಟೆಯೊಳಗೆ ತಿನ್ನದೆ ಉಳಿದದ್ದನ್ನು ತೆಗೆಯಿರಿ.

ಪೆಲೆಟ್, ಅಂದರೆ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಯಂಥ ಆಹಾರ, ಕೊಡುವುದಾದರೆ ಗಿನಿ ಪಿಗ್‌ಗೆಂದೇ ತಯಾರಾದ, ಒಂದೇ ಬಣ್ಣದ, ಹುಲ್ಲಿನಿಂದ ಮಾಡಿದ ಪೆಲೆಟ್ ದಿನಕ್ಕೆ ಒಂದು ದೊಡ್ಡ ಚಮಚ. ಮೊಲದ ಪೆಲೆಟ್‌ನಲ್ಲಿ ವಿಟಮಿನ್ ಸಿ ಸೇರಿಸಿರುವುದಿಲ್ಲ. ಪ್ಯಾಕೆಟ್ ಮೇಲಿನ ತಯಾರಿಕೆಯ ದಿನಾಂಕ ನೋಡಿ. ಮೂರು ತಿಂಗಳು ದಾಟಿದ್ದರೆ ಅದರಲ್ಲಿರುವ ವಿಟಮಿನ್ ಸಿ ನಂಬುವಂತಿಲ್ಲ.

ದಾವಣಗೆರೆಯ ಬೇಸಿಗೆ

ಇದರ ಬಗ್ಗೆ ನನಗೆ ನಿಮ್ಮ ಕಾಳಿನ ಪ್ಯಾಕೆಟ್‌ಗಿಂತ ಹೆಚ್ಚು ಚಿಂತೆ. 18ರಿಂದ 24 ಡಿಗ್ರಿ ಇದಕ್ಕೆ ಹಿತ. 27 ದಾಟಿದರೆ ಕಷ್ಟ ಶುರು, 30ರ ಮೇಲೆ ಜೀವಕ್ಕೇ ಅಪಾಯ. ಇದಕ್ಕೆ ಬೆವರು ಬರುವುದಿಲ್ಲ, ನಾಯಿಯಂತೆ ನಾಲಿಗೆ ಚಾಚಿ ತಣಿಸಿಕೊಳ್ಳಲೂ ಬಾರದು. ಬೆವರಿಲ್ಲದ ಮೈಗೆ ಫ್ಯಾನ್ ಗಾಳಿ ಬಿಸಿಗಾಳಿಯೇ. ಫ್ಯಾನ್ ಹಾಕಿದ್ದೇವಲ್ಲ ಎಂದು ನೆಮ್ಮದಿಯಿಂದ ಕಚೇರಿಗೆ ಹೋದ ದಿನವೇ ಅನಾಹುತ ಆಗುವುದು.

ಬಾಲ್ಕನಿ, ತಾರಸಿ, ಶೀಟಿನ ಮನೆ ಬೇಡ. ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅತಿ ತಂಪಾಗಿರುವ ಕೋಣೆ ಯಾವುದೆಂದು ಥರ್ಮಾಮೀಟರ್ ಇಟ್ಟು ನೋಡಿ, ಅದನ್ನೂ ಮೇಜಿನ ಮೇಲಲ್ಲ, ನೆಲದ ಮಟ್ಟದಲ್ಲಿ. ಒಂದು ಕಡಪ ಕಲ್ಲಿನ ತುಂಡನ್ನು ಆವರಣದೊಳಗೆ ಇಟ್ಟರೆ ಸೆಕೆಯಾದಾಗ ತಾನೇ ಹೋಗಿ ಹೊಟ್ಟೆ ಚಾಚಿ ಮಲಗುತ್ತದೆ. ಬಾಯಿ ಅಗಲವಾದ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ, ಅಲುಗದಂತೆ ಎರಡೂ ಬದಿಗೆ ಕಲ್ಲು ಕೊಟ್ಟು, ಹೊರಮೈಗೆ ಮಾತ್ರ ಒದ್ದೆ ಬಟ್ಟೆ ಸುತ್ತಿ. ನಿಮ್ಮೂರಿನ ಒಣ ಬಿಸಿಲಿಗೆ ಅದರ ಒಳಗು ಚೆನ್ನಾಗಿ ತಣಿಯುತ್ತದೆ. ಕರಾವಳಿಯವರಿಗೆ ಈ ಉಪಾಯ ಅಷ್ಟು ಫಲಿಸದು, ಅಲ್ಲಿನ ಗಾಳಿಯಲ್ಲೇ ನೀರಿರುತ್ತದೆ. ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಟವೆಲ್ ಸುತ್ತಿ ಒಂದು ಬದಿಯಲ್ಲಿಡಿ, ಬೇಕಾದರೆ ಒರಗುತ್ತದೆ, ಬೇಡವಾದರೆ ದೂರ ಹೋಗುತ್ತದೆ. ಏಪ್ರಿಲ್ ಮೇ ಎರಡು ತಿಂಗಳು ಕೂಲರ್ ಅಥವಾ ಎಸಿ ಇಲ್ಲದೆ ನಿಭಾಯಿಸುವುದು ಕಷ್ಟ ಎಂದೇ ಹೇಳಬೇಕು. ಎರಡರ ಗಾಳಿಯೂ ನೇರವಾಗಿ ಮೈಗೆ ಹೊಡೆಯಬಾರದು.

ಒಂದು ಬದಿಗೆ ಬಿದ್ದುಕೊಂಡು ಜೋರಾಗಿ ಉಸಿರಾಡುವುದು, ಗಲ್ಲ ಜೊಲ್ಲಿನಿಂದ ಒದ್ದೆಯಾಗಿರುವುದು, ಕಿವಿ ಕೆಂಪಾಗಿ ಬಿಸಿಯಾಗಿರುವುದು, ಎಬ್ಬಿಸಿದರೆ ತೂರಾಡುವುದು ಕಂಡರೆ ಬಿಸಿಲ ಹೊಡೆತ. ತಂಪಿಗೆ ತಂದು, ನಲ್ಲಿ ನೀರಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತಾ ವೈದ್ಯರ ಬಳಿಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತವೇ ಕೊಲ್ಲುತ್ತದೆ. ಬಾಯಿಗೆ ನೀರು ಸುರಿಯಲೂ ಬೇಡಿ.

ನೀರಿನ ಬಾಟಲಿಯ ನಳಿಕೆ ಗುಂಡು ಕಚ್ಚಿಕೊಂಡು ನಿಲ್ಲುವುದು ಸಾಮಾನ್ಯ. ದಿನಾ ಬೆಳಿಗ್ಗೆ ಬೆರಳಿಂದ ಒತ್ತಿ ಹನಿ ಬರುತ್ತದೆಯೇ ನೋಡಿ, ಬೇಸಿಗೆಯಲ್ಲಿ ಎರಡು ಬಾಟಲಿ ಕಟ್ಟಿ.

ಮನೆ

ಎರಡಡಿ ಪಂಜರವನ್ನು ವೈದ್ಯರ ಬಳಿಗೆ ಕರೆದೊಯ್ಯಲು ಇಟ್ಟುಕೊಳ್ಳಿ. ಎರಡು ಪ್ರಾಣಿಗೆ ಕನಿಷ್ಠ ನಾಲ್ಕಡಿ ಉದ್ದ, ಎರಡಡಿ ಅಗಲ ಬೇಕು. ಐದಡಿಗೆ ಎರಡೂವರೆ ಅಡಿಯಾದರೆ ಓಡಲು ಜಾಗ. ಬಡಗಿಗೆ ಹೇಳಿ ಪ್ಲೈವುಡ್‌ನಲ್ಲಿ 15 ಇಂಚು ಎತ್ತರದ ನಾಲ್ಕು ಗೋಡೆ ಮಾಡಿಸಿದರೆ ಆಯಿತು, ಇವು ಮರ ಹತ್ತುವ ಪ್ರಾಣಿಯಲ್ಲ. ಬೆಕ್ಕು, ಹೆಗ್ಗಣ ನುಗ್ಗುವ ಮನೆಯಾದರೆ ಮೇಲೆ ಜಾಲರಿ ಮುಚ್ಚಳ ಬೇಕು. ಮಹಡಿ ಮೇಲೆ ಮಹಡಿ ಬೇಡ, ಅವಕ್ಕೆ ಬೇಕಿರುವುದು ಎತ್ತರವಲ್ಲ, ನೆಲ.

ತಳಕ್ಕೆ ಹಳೆಯ ಫ್ಲೆಕ್ಸ್ ಬ್ಯಾನರ್, ಅದರ ಮೇಲೆ ನಾಲ್ಕೈದು ಪದರ ದಿನಪತ್ರಿಕೆ, ಅದರ ಮೇಲೆ ಹಳೆಯ ದಪ್ಪ ಟವೆಲ್ ಅಥವಾ ಫ್ಲೀಸ್ ಬಟ್ಟೆ. ಎಳೆ ಕಿತ್ತುಬಂದ ಬಟ್ಟೆ ಬೇಡ, ದಾರ ಬೆರಳಿಗೆ ಸುತ್ತಿ ರಕ್ತ ಕಟ್ಟುತ್ತದೆ. ಹಿಕ್ಕೆಯನ್ನು ದಿನಕ್ಕೊಮ್ಮೆ ಗುಡಿಸಿ, ಬಟ್ಟೆಯನ್ನು ಮೂರು ದಿನಕ್ಕೊಮ್ಮೆ ಬದಲಿಸಿ. ಸಾಮಿಲ್‌ನ ಮರದ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತರಬೇಡಿ, ಆ ಧೂಳು ನೇರ ಪುಪ್ಪುಸಕ್ಕೆ ಹೋಗುತ್ತದೆ. ಫಿನೈಲ್ ಹಾಕಿ ಒರೆಸುವುದೂ ಬೇಡ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ಮೂತ್ರದ ಸುಣ್ಣದ ಕಲೆಯೂ ಹೋಗುತ್ತದೆ. ಸೊಳ್ಳೆ ಬತ್ತಿ, ಊದುಬತ್ತಿ, ಮೆಣಸಿನಕಾಯಿ ಒಗ್ಗರಣೆಯ ಘಾಟು ಮುಟ್ಟದ ಕೋಣೆಯಾಗಿರಲಿ.

ಇನ್ನೊಂದು ತರಬೇಕೇ?

ತರಬೇಕು, ಆದರೆ ಈ ವಾರವಲ್ಲ. ಇವು ಗುಂಪಿನ ಪ್ರಾಣಿ. ಒಂಟಿಯಾಗಿ ಸಾಕುವುದನ್ನು ಸ್ವಿಟ್ಜರ್ಲೆಂಡ್ 2008ರಿಂದ ಕಾನೂನಿನಲ್ಲೇ ತಡೆದಿದೆ. ಮೊಲ ಇದಕ್ಕೆ ಜೊತೆಗಾರನಲ್ಲ. ಅದರ ಹಿಂಗಾಲಿನ ಒದೆತವೊಂದು ಕಡೆಗಿರಲಿ, ಮೊಲಕ್ಕೆ ಏನೂ ಮಾಡದ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿ ಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಮೊದಲು ನಿಮ್ಮದು ನಿಜಕ್ಕೂ ಹೆಣ್ಣೇ ಎಂದು ವೈದ್ಯರಿಂದ ಖಾತ್ರಿ ಮಾಡಿಕೊಳ್ಳಿ, ಅಂಗಡಿಯ ಮಾತು ಎಷ್ಟೋ ಸಲ ತಪ್ಪಿರುತ್ತದೆ. ಹೆಣ್ಣೇ ಆಗಿದ್ದರೆ ಇನ್ನೊಂದು ಪ್ರಶ್ನೆ: ಅಂಗಡಿಯಲ್ಲಿ ಗಂಡುಗಳ ಜೊತೆ ಒಂದೇ ಪಂಜರದಲ್ಲಿತ್ತೇ? ನಾಲ್ಕು ವಾರದ ಹೆಣ್ಣುಮರಿಯೂ ಗಬ್ಬ ಕಟ್ಟಬಲ್ಲದು. ಗಬ್ಬದ ಅವಧಿ 59ರಿಂದ 72 ದಿನ. ಮೂರು ವಾರ ಆಗಿದೆ, ಅಂದರೆ ಇನ್ನೂ ಏಳೆಂಟು ವಾರ ಅನುಮಾನ ಇಟ್ಟುಕೊಂಡೇ ತೂಕ ನೋಡುತ್ತಿರಿ. ತೂಕ ಸರಸರ ಏರಿ ಹೊಟ್ಟೆ ಎರಡು ಬದಿಗೂ ಉಬ್ಬಿದರೆ ಎತ್ತಾಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೇಕೆಂದೇ ಮರಿ ಹಾಕಿಸುವ ಯೋಚನೆ ಮಾತ್ರ ಬೇಡ. ಏಳು ತಿಂಗಳೊಳಗೆ ಮೊದಲ ಸಲ ಮರಿ ಹಾಕದ ಹೆಣ್ಣಿನ ಸೊಂಟದ ಮೂಳೆಯ ಕೂಡು ಬೆಸೆದುಕೊಳ್ಳುತ್ತದೆ. ಆಮೇಲೆ ಗಬ್ಬವಾದರೆ ಹೆರಿಗೆ ದಾರಿ ಬಿಡದೆ ತಾಯಿ ಮರಿ ಎರಡೂ ಹೋಗುವುದುಂಟು.

ಜೊತೆಗೆ ಇನ್ನೊಂದು ಹೆಣ್ಣು, ಅಥವಾ ಬೀಜ ತೆಗೆಸಿ ಆರು ವಾರ ಕಳೆದ ಗಂಡು ಸರಿಹೋಗುತ್ತದೆ. ಹೊಸದನ್ನು ಎರಡರಿಂದ ಮೂರು ವಾರ ಬೇರೆ ಕೋಣೆಯಲ್ಲಿಟ್ಟು, ಸೀನು, ತುರಿಕೆ, ಬೋಳು ಚಕ್ಕೆ ಇಲ್ಲವೆಂದು ನೋಡಿ. ಆಮೇಲೆ ಎರಡಕ್ಕೂ ಪರಿಚಯವಿಲ್ಲದ ನೆಲದಲ್ಲಿ, ನಡುವೆ ದೊಡ್ಡ ರಾಶಿ ಹುಲ್ಲು ಹಾಕಿ ಬಿಡಿ. ಗುರುಗುಟ್ಟುತ್ತಾ ಸೊಂಟ ಕುಣಿಸುವುದು, ಅಟ್ಟಾಡಿಸುವುದು, ಮೇಲೆ ಹತ್ತುವುದು ನಡೆದೇ ನಡೆಯುತ್ತದೆ, ನೀವು ನಡುವೆ ಬರಬೇಡಿ. ಹಲ್ಲು ಕಟಕಟ ಕಡಿಯುವುದು ಎಚ್ಚರಿಕೆಯ ಗಂಟೆ. ರಕ್ತ ಬಂದರೆ ಅಥವಾ ಎರಡೂ ಉಂಡೆಯಾಗಿ ಉರುಳಿದರೆ ಟವೆಲ್ ಎಸೆದು ಬಿಡಿಸಿ, ಬರಿಗೈ ಹಾಕಿದರೆ ಕಡಿತ ನಿಮಗೆ.

ಮಗಳಿಗೆ ಹೇಳಬೇಕಾದದ್ದು

ಮೇಲಿನಿಂದ ಇಳಿದುಬರುವ ಕೈ ಅದಕ್ಕೆ ಗರುಡನ ಪಂಜ. ಒಂದು ವಾರ ಹಿಡಿಯುವುದನ್ನೇ ಬಿಟ್ಟು, ದಿನವೂ ಅದೇ ಹೊತ್ತಿಗೆ ನೆಲದ ಮೇಲೆ ಕೂತು ಕೊತ್ತಂಬರಿ ಕಡ್ಡಿಯ ಒಂದು ತುದಿ ಹಿಡಿದು ಇನ್ನೊಂದು ತುದಿ ಮುಂದಿಡಲಿ. ಮೊದಲ ದಿನ ಕಿತ್ತುಕೊಂಡು ಓಡುತ್ತದೆ, ನಾಲ್ಕೈದು ದಿನಕ್ಕೆ ಅಲ್ಲೇ ನಿಂತು ತಿನ್ನುತ್ತದೆ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಪೂರ್ತಿ ಆಧಾರವಾಗಿ. ಹತ್ತು ವರ್ಷದವಳು ಎತ್ತಿಕೊಂಡು ನಡೆಯಬಾರದು, ಕೂತು ತೊಡೆಯ ಮೇಲೆ ಟವೆಲ್ ಹಾಸಿ ಇಟ್ಟುಕೊಳ್ಳಲಿ. ಸೊಂಟದೆತ್ತರದಿಂದ ಬಿದ್ದರೂ ಹಲ್ಲು, ಕಾಲು ಮುರಿಯುತ್ತದೆ.

ಕೆಲವು ವಾರದಲ್ಲಿ ಫ್ರಿಜ್ ಬಾಗಿಲಿನ ಸದ್ದಿಗೋ ಪ್ಲಾಸ್ಟಿಕ್ ಕವರ್‌ನ ಸರಸರಕ್ಕೋ 'ಕುಯ್ಞ್ ಕುಯ್ಞ್' ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತದೆ. ಖುಷಿಯಾದರೆ ಬಾಣಲೆಯಲ್ಲಿ ಅರಳು ಸಿಡಿದಂತೆ ನಿಂತಲ್ಲಿಂದಲೇ ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಮೊದಲ ಸಲ ಕಂಡವರು ಫಿಟ್ಸ್ ಎಂದು ಗಾಬರಿಯಾಗುತ್ತಾರೆ. ಕಣ್ಣಿನಲ್ಲಿ ಒಮ್ಮೊಮ್ಮೆ ಹಾಲಿನಂಥ ಬಿಳಿ ದ್ರವ ತುಂಬಿ, ಅದನ್ನೇ ಮುಂಗಾಲಿಗೆ ಹಚ್ಚಿಕೊಂಡು ಮುಖ ತೊಳೆಯುತ್ತದೆ. ಅದೂ ಕಾಯಿಲೆಯಲ್ಲ.

ಸ್ನಾನ ಬೇಡ. ಹಿಂಭಾಗ ಕೊಳೆಯಾದರೆ ಅಷ್ಟನ್ನೇ ಬೆಚ್ಚನೆಯ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಗುರು ಮಾತ್ರ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸಬೇಕು. ಮುಂದೆ ನಾಲ್ಕು ನಾಲ್ಕು, ಹಿಂದೆ ಮೂರು ಮೂರು, ಒಟ್ಟು 14. ಟಾರ್ಚ್ ಹಿಡಿದರೆ ಒಳಗಿನ ರಕ್ತನಾಳ ಗುಲಾಬಿ ಗೆರೆಯಾಗಿ ಕಾಣುತ್ತದೆ, ಅದಕ್ಕಿಂತ ಎರಡು ಮಿಲಿಮೀಟರ್ ಮುಂದೆ ಕತ್ತರಿಸಿ. ರಕ್ತ ಬಂದರೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ವೈದ್ಯರ ಬಳಿ

ಊಟ ಬಿಟ್ಟು ಅಥವಾ ಹಿಕ್ಕೆ ನಿಂತು 12 ಗಂಟೆಯಾದರೆ ತುರ್ತು, ನಾಳೆ ನೋಡೋಣ ಎನ್ನಬಾರದು. ಮೂತ್ರದಲ್ಲಿ ರಕ್ತ, ಮೂತ್ರ ಮಾಡುವಾಗ ಕೀರಲು ಕೂಗು, ಉಸಿರಿನಲ್ಲಿ ಗೊರಗೊರ, ತಲೆ ವಾಲುವುದು ಕೂಡ ಅದೇ ಸಾಲಿನವು. ಮೈ ಕಿತ್ತುಕೊಳ್ಳುವಂತೆ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ ಹುಳ. ಅದಕ್ಕೆ ಐವರ್ಮೆಕ್ಟಿನ್ ಇದೆ, ಆದರೆ ತೂಕಕ್ಕೆ ತಕ್ಕ ಅಳತೆಯಲ್ಲಿ ವೈದ್ಯರೇ ಕೊಡಬೇಕು, ಮೊಟ್ಟೆಯಿಂದ ಹೊರಬಂದವನ್ನು ಕೊಲ್ಲಲು ಒಂದೆರಡು ವಾರದ ಅಂತರದಲ್ಲಿ ಮತ್ತೆ ಕೊಡಬೇಕು. ನಾಯಿಯ ಉಣ್ಣಿ ಪೌಡರ್ ಹಾಕಬೇಡಿ. ಮೂಗು, ಕಣ್ಣಿನ ಸುತ್ತ ರೋಮ ಉದುರಿ ಹೊಪ್ಪಳೆ ಎದ್ದರೆ ಹುಳುಕಡ್ಡಿ ಇರಬಹುದು, ಅದು ಮಗಳಿಗೂ ಅಂಟುತ್ತದೆ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ.

ಒಂದು ಮಾತು ಬರೆದು ಗೋಡೆಗೆ ಅಂಟಿಸಿ: ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್, ಸೆಫಲೆಕ್ಸಿನ್, ಕ್ಲಿಂಡಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳನ್ನು ಬಾಯಿ ಮೂಲಕ ಗಿನಿ ಪಿಗ್‌ಗೆ ಕೊಡಬಾರದು. ಹುಲ್ಲು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಇವು ಸಾಯಿಸುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಬೆಳೆದು ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ದನ, ನಾಯಿಗಳನ್ನೇ ನೋಡುವ ವೈದ್ಯರು ರೂಢಿಯಲ್ಲಿ ಬರೆದುಬಿಡಬಹುದು. ಸಂಕೋಚ ಬೇಡ, ಔಷಧದ ಹೆಸರು ಕೇಳಿ. ಕಾಯಿಲೆ ಬರುವ ಮೊದಲೇ ಗಿನಿ ಪಿಗ್, ಮೊಲ ನೋಡಿ ಅನುಭವವಿರುವ ವೈದ್ಯರನ್ನು ಹುಡುಕಿಟ್ಟುಕೊಳ್ಳಿ. ನಿಮಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲಿದೆ, ಬೆಂಗಳೂರಿನದು ಹೆಬ್ಬಾಳದಲ್ಲಿದೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ವೈದ್ಯರು ಸಿಗುವವರೆಗೆ ಕರುಳು ನಿಲ್ಲದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಪೆಲೆಟ್ ಪುಡಿಮಾಡಿ ಬಿಸಿನೀರಿನಲ್ಲಿ ನೆನೆಸಿ, ತಣಿದ ಮೇಲೆ ತೆಳು ಅಂಬಲಿಯಂತೆ ಕಲಸಿ, ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೊಡಿ. ಅಗಿದು ನುಂಗಿದ ಮೇಲೆ ಮುಂದಿನದು. ಒಂದು ಕಿಲೋದ ಪ್ರಾಣಿಗೆ ನಾಲ್ಕು ಗಂಟೆಗೊಮ್ಮೆ ಸುಮಾರು 10 ಮಿಲಿಲೀಟರ್. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಏನೂ ತಿನ್ನಿಸದೆ ನೇರ ಆಸ್ಪತ್ರೆಗೆ.

ಅಜ್ಜಿ ಮನೆ

ಹತ್ತು ದಿನವಿರಲಿ, ಒಂದು ದಿನವೂ ಯಾರೂ ನೋಡದೆ ಬಿಡುವಂತಿಲ್ಲ. ದಿನಕ್ಕೆರಡು ಸಲ ಬಂದು ಹುಲ್ಲು, ನೀರು, ಮೆಣಸಿನಕಾಯಿ ಹೋಳು ಕೊಟ್ಟು ಹಿಕ್ಕೆ ಬಿದ್ದಿದೆಯೇ ನೋಡುವ ನೆರೆಯವರಿದ್ದರೆ ಮನೆಯಲ್ಲೇ ಬಿಡುವುದು ಒಳ್ಳೆಯದು. ಆದರೆ ನೀವು ಹೋಗುತ್ತಿರುವುದು ಮೇನಲ್ಲಿ. ಬಾಗಿಲು ಕಿಟಕಿ ಮುಚ್ಚಿದ ಮನೆ ಒಲೆಯಾಗುತ್ತದೆ, ಹಾಗಾಗಿ ಅವರ ಮನೆಗೇ ಆವರಣ ಸಾಗಿಸುವುದು ಲೇಸು. ಕರೆದೊಯ್ಯಲೇಬೇಕಾದರೆ ನಸುಕಿನಲ್ಲೇ ಹೊರಟು ಬಿಸಿಲೇರುವ ಮೊದಲು ತಲುಪಿ. ಗಾಳಿಯಾಡುವ ಗಟ್ಟಿ ಪೆಟ್ಟಿಗೆಗೆ ಟವೆಲ್ ಹಾಸಿ, ಹುಲ್ಲು ತುಂಬಿ, ನೀರಿನ ಬಾಟಲಿ ಕುಲುಕಿ ಸೋರುವುದರಿಂದ ಅದರ ಬದಲು ಸೌತೆಕಾಯಿ ತುಂಡು ಇಡಿ. ತಿಂಡಿಗೆಂದು ಇಳಿದಾಗ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಹತ್ತು ನಿಮಿಷಕ್ಕೂ. ಅಲ್ಲಿಗೆ ಬೇಕಾಗುವಷ್ಟು ಒಣಹುಲ್ಲು, ತಕ್ಕಡಿ, ಸಿರಿಂಜ್, ಒಂದು ಡಬ್ಬಿ ಪೆಲೆಟ್ ಪುಡಿ ಚೀಲದಲ್ಲಿರಲಿ.